ಏಳನೇ ಸುತ್ತಿನಲ್ಲಿ ಅತ್ತೆ ಸೊಸೆ

ಮದುವೆಯಾಗಿ ಹರಪನಹಳ್ಳಿಗೆ ಬಂದ ಅಮೃತಾ, ಕೊಟ್ಟೂರಿನ ತವರಿನಿಂದ ಸೀರೆ ಪಾತ್ರೆಗಳ ಜೊತೆ ಟಿವಿಗೆ ಸಿಕ್ಕಿಸಿ ಆಡುವ ವಿಡಿಯೊ ಗೇಮ್ ಪೆಟ್ಟಿಗೆಯನ್ನೂ ಎರಡು ರಿಮೋಟುಗಳನ್ನೂ ತಂದಿದ್ದಳು. ಅಣ್ಣನೊಂದಿಗೆ ಕಿತ್ತಾಡಿಕೊಂಡು ಆಡಿ ಬೆಳೆದ ಆಟ. ಗಂಡ ಸೋಮಶೇಖರ್ ಮೆಕ್ಕೆಜೋಳದ ಮಂಡಿಗೆ ಹೋಗಿ, ಅತ್ತೆ ನಾಗಲಿಂಗಮ್ಮ ಊಟ ಮುಗಿಸಿ ಅಡ್ಡಾದ ಮೇಲೆ, ಟಿವಿಯ ಸದ್ದು ಪೂರ್ತಿ ಇಳಿಸಿ ಆಡಲು ಕೂರುತ್ತಿದ್ದಳು.

ಪರದೆಯ ಮೇಲೆ ಆಕಾಶದಿಂದ ಇಣುಕಿ ನೋಡಿದಂತೆ ಕಾಣುವ ಒಂದು ಅಂಗಳ. ನಡುವೆ ಉಗುರಿನಷ್ಟು ಚಿಕ್ಕ ಹೆಣ್ಣುಮಗಳು. ನಾಲ್ಕೂ ಕಡೆಯಿಂದ ಕಬ್ಬಿಣದ ಜೀರುಂಡೆಗಳು ಮುಗಿಬೀಳುತ್ತವೆ. ಒಂದು ಹೆಬ್ಬೆರಳಿನಿಂದ ಓಡಬೇಕು, ಇನ್ನೊಂದರಿಂದ ಗುಂಡು ಹಾರಿಸಬೇಕು. ಹತ್ತನ್ನು ಹೊಡೆದರೆ ನೂರು ಬರುತ್ತವೆ; ಎಲ್ಲವನ್ನೂ ಉರುಳಿಸಿ ಅಂಗಳ ಖಾಲಿ ಮಾಡಿದರೆ ಒಂದು ಸುತ್ತು ಗೆದ್ದಂತೆ. ಕಿಡಿ, ಹೊಗೆ, ಗುಂಡಿನ ನಡುವೆ ತಾನೆಲ್ಲಿದ್ದೇನೆ ಎಂಬುದೇ ಕಾಣದು. ಸಾರಿಗೆ ಉಪ್ಪು ಹೆಚ್ಚಾಯಿತೇ, ಅತ್ತೆ ಬೆಳಿಗ್ಗೆಯಿಂದ ಯಾಕೆ ಮಾತಾಡಲಿಲ್ಲ ಎಂದು ಚಿಂತಿಸಲು ಆ ಗದ್ದಲದಲ್ಲಿ ಪುರಸೊತ್ತೇ ಇರುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದೂ ಅದೇ.

ಒಂದು ಮಧ್ಯಾಹ್ನ ಬೆನ್ನ ಹಿಂದೆ ಅತ್ತೆಯ ದನಿ ಕೇಳಿತು.

“ಅದ್ರಾಗ ನೀ ಯಾರವ್ವ?”

ಅಮೃತಾ ಥಟ್ಟನೆ ಹಿಂದೆ ತಿರುಗಿದಳು. “ನೀಲಿ ಟೊಪಿಗಿ ಹಾಕ್ಕೊಂಡಾಕಿರಿ ಅತ್ತಿ...” ಎನ್ನುವಷ್ಟರಲ್ಲಿ ಜೀರುಂಡೆಗಳು ನೀಲಿ ಟೋಪಿಯನ್ನು ಮುಗಿಸಿಬಿಟ್ಟವು.

“ಅಯ್ಯ, ನಿನ್ನ ಮಾತಾಡಿಸಿ ನಾನ ಕೊಂದೆ ನೋಡು,” ಎಂದು ನಾಗಲಿಂಗಮ್ಮ ಪಕ್ಕದಲ್ಲೇ ಕುಳಿತರು. “ಇನ್ನೊಂದು ರಿಮೋಟು ಸುಮ್ನ ಬಿದ್ದೈತಲ್ಲ, ಕೊಡಿಲ್ಲಿ.”

ಅತ್ತೆಗೆ ಹಸಿರು ಟೋಪಿ ಬಂತು. ಮೊದಲ ದಿನವೆಲ್ಲ ಗೋಡೆಗೆ ಡಿಕ್ಕಿ ಹೊಡೆದದ್ದೇ ಬಂತು. ಕೈ ಪಳಗಿದ ಮೇಲೂ ಅವರು ನಿಂತ ಜಾಗ ಬಿಟ್ಟು ಕದಲುತ್ತಿರಲಿಲ್ಲ. “ಅವು ಬರ್ಲಿ, ನಾ ಯಾಕ ಓಡ್ಲಿ?” ಎಂದು ಗುಂಡಿ ಒತ್ತಿಕೊಂಡೇ ಇರುತ್ತಿದ್ದರು. ಅಮೃತಾ ಇದಕ್ಕೆ ಉಲ್ಟಾ, ಗುಂಪು ಕಂಡರೆ ಸಾಕು, ಮೂಲೆಗೆ ಓಟ. ಒಬ್ಬರು ಬಿದ್ದರೆ ಇನ್ನೊಬ್ಬರು ಪಕ್ಕದಲ್ಲಿ ತುಸು ಹೊತ್ತು ನಿಂತು ಎಬ್ಬಿಸಬಹುದಿತ್ತು. ಆದರೆ ಆ ಮುತ್ತಿಗೆಯ ನಡುವೆ ನಿಲ್ಲುವ ಧೈರ್ಯ ಅವಳಿಗಿರಲಿಲ್ಲ. ಹೀಗಾಗಿ ಏಳನೇ ಸುತ್ತಿಗೆ ಬಂದವರು ಅಲ್ಲೇ ಸಿಕ್ಕಿಕೊಂಡರು. ರೊಟ್ಟಿ ಬಡಿಯುವಾಗಲೂ ಅದೇ ಮಾತು. ಆ ನೆಪದಲ್ಲಿ ಬೇರೆ ಮಾತುಗಳೂ ಶುರುವಾದವು. ಟಿವಿಯ ಸದ್ದು ಏರಿತು. ಅದಕ್ಕಿಂತ ಮೇಲೆ ಇವರಿಬ್ಬರ ದನಿ.

ಒಂದು ದಿನ ಏಳನೇ ಸುತ್ತು ಮುಗಿಯಲು ಇನ್ನೇನು ಸ್ವಲ್ಪವೇ ಇದೆ ಎನ್ನುವಾಗ ಹಸಿರು ಟೋಪಿ ಉರುಳಿಬಿತ್ತು.

“ಸತ್ತೆ! ಅಯ್ಯಯ್ಯೋ, ನನ್ನ ಸಾಯಾಕ ಬಿಟ್ಟು ಸೊಸಿ ಓಡಾಕತ್ತಾಳ!”

ಪಕ್ಕದ ಮನೆಯ ಮಾರೆಮ್ಮ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದವಳು, ಕೋಳಿ ಓಡಿಸುವ ಕೋಲು ಹಿಡಿದುಕೊಂಡೇ ಒಳಗೆ ನುಗ್ಗಿದಳು. ಹಿಂದೆ ಓಣಿಯ ಇನ್ನಿಬ್ಬರು ಹೆಂಗಸರು.

“ಏನಾತು ನಾಗಲಿಂಗಕ್ಕ? ಏ ಹುಡುಗಿ, ಏನ್ ಮಾಡಿದಿ ಅತ್ತಿಗೆ?”

ನಾಗಲಿಂಗಮ್ಮ ತಿರುಗಿಯೂ ನೋಡಲಿಲ್ಲ. “ಅತ್ತಾಗ ಸರಿ ಮಾರೆಮ್ಮ, ಟಿವಿ ಕಾಣವಲ್ದು! ನಾ ಸತ್ತು ಬಿದ್ದೀನಿ, ಈಕಿ ಬಂದು ಎಬ್ಬಿಸಬೇಕು.”

ಮಾರೆಮ್ಮ ಇನ್ನಷ್ಟು ಗಾಬರಿಯಾಗಿ ನಾಗಲಿಂಗಮ್ಮನ ಹಣೆ ಮುಟ್ಟಿ ನೋಡಿದಳು. ಪರದೆಯಲ್ಲಿ ಅಮೃತಾ ಮೂಲೆ ಸೇರಿದ್ದಳು. ಅಲ್ಲೇ ಇದ್ದರೆ ಇನ್ನೊಂದಿಷ್ಟು ಹೊತ್ತು ಬದುಕಬಹುದಿತ್ತು. “ಬಂದೆ ಅತ್ತಿ!” ಎಂದು ನೀಲಿ ಟೋಪಿಯನ್ನು ನೇರ ಜೀರುಂಡೆಗಳ ಮಧ್ಯಕ್ಕೆ ನುಗ್ಗಿಸಿದಳು. ಹಸಿರು ಟೋಪಿಯ ಪಕ್ಕದಲ್ಲಿ ನಿಂತು ಸುತ್ತಲೂ ಗುಂಡಿನ ಮಳೆ ಸುರಿಸಿದಳು. ಹಸಿರು ಟೋಪಿ ಎದ್ದಿತು. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಹೊಡೆದರು, ಹೊಡೆದರು, ಕೊನೆಗೆ ಅಂಗಳ ಖಾಲಿ!

ಅತ್ತೆ ಸೊಸೆ ಕಿರುಚಿಕೊಂಡು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಏನಾಯಿತೆಂದು ತಿಳಿಯದಿದ್ದರೂ ಬಂದ ಹೆಂಗಸರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಎಂಟನೇ ಸುತ್ತು ಶುರುವಾಗಿ, ಮನೆಯಷ್ಟು ದೊಡ್ಡ ಚೇಳೊಂದು ಬಂದು ಇಬ್ಬರನ್ನೂ ಒಂದೇ ಗುಕ್ಕಿಗೆ ನುಂಗಿತು. ನಾಗಲಿಂಗಮ್ಮನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

ಮಾರೆಮ್ಮ ಕೋಲನ್ನು ಬಾಗಿಲಿಗೆ ಆನಿಸಿ ಚಾಪೆಯ ಮೇಲೆ ಕುಳಿತಳು. “ಆ ಚೇಳು ನನಗಿರ್ಲಿ. ಯಾವ ಗುಂಡಿ ಒತ್ತಬೇಕು ಹೇಳು ತಂಗಿ.”

ಸಂಜೆ ಸೋಮಶೇಖರ್ ಬಂದಾಗ ಚಾಪೆಯ ತುಂಬ ಹೆಂಗಸರು. “ಚಾ ಇಲ್ಲೇನವ್ವ?” ಎಂದ.

“ನೀನ ಮಾಡಪ,” ಎಂದರು ನಾಗಲಿಂಗಮ್ಮ, ಪರದೆಯಿಂದ ಕಣ್ಣು ಕೀಳದೆ. “ಎಲ್ಲಾರಿಗೂ ಸೇರಿಸಿ ಇಡು.”