ಚೆಂಡು ಎಲ್ಲಿದೆ

"ಚೆಂಡು ಎಲ್ಲಿದೆ ಅಂತ ಇವರು ಯಾಕೆ ಹೇಳಲ್ಲ?" ಎಂದು ಅವನು ಟೀವಿಯ ಕಡೆ ಮುಖ ಮಾಡಿ ಕೇಳಿದ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೆಂಡತಿ ಅಡುಗೆಮನೆಯಲ್ಲಿ ನಲ್ಲಿಯನ್ನು ಬೇಕೆಂದೇ ಜೋರಾಗಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದಳು. ಮಗಳ ಆಟವನ್ನು ಅವಳು ಒಂದು ದಿನವೂ ನೋಡಿದವಳಲ್ಲ. ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ದಾದಿಯಾಗಿ ವರ್ಷಗಟ್ಟಲೆ ಮುರಿದ ಕೈಕಾಲು ನೋಡಿದವಳಿಗೆ, ಹಾಕಿ ಕೋಲು ಹಿಡಿದು ಒಬ್ಬರ ಮೇಲೊಬ್ಬರು ಬೀಳುವ ಹೆಂಗಸರ ನಡುವೆ ತನ್ನ ಹೆತ್ತ ಕೂಸೂ ಇದೆ ಎಂದು ನೆನೆದರೇ ಟೀವಿಯ ಮುಂದೆ ಕೂರಲಾಗುತ್ತಿರಲಿಲ್ಲ. ಪಂದ್ಯ ಮುಗಿದ ಮೇಲೆ ಮಗಳು ಫೋನ್ ಮಾಡಿ "ಅಮ್ಮಾ" ಅನ್ನುವವರೆಗೂ ಅವಳಿಗೆ ಏನಾದರೊಂದು ಕೆಲಸ ಇದ್ದೇ ಇರುತ್ತಿತ್ತು.

ಅವನು ಬಂದರಿನಲ್ಲಿ ಕ್ರೇನ್ ನಡೆಸಿದವನು. ಎರಡು ವರ್ಷದ ಹಿಂದೆ ಕಣ್ಣಿನೊಳಗಿನ ಒತ್ತಡ ಏರಿ ನೋಟ ಪೂರ್ತಿ ಹೋಯಿತು. ಅದಕ್ಕೆ ಮೊದಲು ಮಗಳನ್ನು ದಿನಾ ಬೆಳಿಗ್ಗೆ ಬೈಕಿನ ಹಿಂದೆ ಕೂರಿಸಿಕೊಂಡು ಮೈದಾನಕ್ಕೆ ಬಿಡುತ್ತಿದ್ದವನು ಅವನೇ. ಈಗ ಅವಳು ದೇಶದ ತಂಡದಲ್ಲಿ ಬಲಬದಿಯ ರಕ್ಷಣೆಯವಳು, ಅಂದರೆ ಎದುರಾಳಿ ಗೋಲಿನ ಹತ್ತಿರ ಬರದಂತೆ ತಡೆಯುವವಳು. ಅಂದು ಫೈನಲ್ ಇತ್ತು. ಅವನು ಮಧ್ಯಾಹ್ನದ ಊಟವನ್ನು ಅರ್ಧಕ್ಕೇ ಬಿಟ್ಟು ಬಂದು ಟೀವಿಯ ಮುಂದೆ ಕೂತಿದ್ದ.

ವೀಕ್ಷಕ ವಿವರಣೆ ಕೊಡುತ್ತಿದ್ದವರು ಇಬ್ಬರು. ಒಬ್ಬ ಹಳೆಯ ಆಟಗಾರ, ಇನ್ನೊಬ್ಬ ಮಾತಿಗೊಮ್ಮೆ ನಗುವವನು. ಅವರು ಮುಂಚೂಣಿಯ ತಾರೆಯ ಹೊಸ ಕೇಶವಿನ್ಯಾಸದ ಬಗ್ಗೆ ಮಾತಾಡಿದರು. ಅವಳ ಮದುವೆ ನಿಶ್ಚಯವಾಗಿದೆಯಂತೆ, ಹೌದೋ ಅಲ್ಲವೋ ಎಂದು ಚರ್ಚಿಸಿದರು. ಗ್ಯಾಲರಿಯಲ್ಲಿ ಕೂತ ಸಿನಿಮಾ ನಟನ ಕನ್ನಡಕವನ್ನು ಹೊಗಳಿದರು. ನಡುನಡುವೆ "ಆಹಾ, ಏನು ಆಟ, ಏನು ಆಟ" ಎನ್ನುತ್ತಿದ್ದರು. ಯಾರ ಆಟ, ಎಂಥ ಆಟ ಎಂಬುದು ಮಾತ್ರ ಬರುತ್ತಿರಲಿಲ್ಲ. ಹಿಂದೆ ರೇಡಿಯೋ ಕೇಳುವಾಗ ಹೀಗಿರಲಿಲ್ಲ. ಚೆಂಡು ಎಡಕ್ಕೆ ಹೋಯಿತು, ನಡುಗೆರೆ ದಾಟಿತು ಎಂದು ಅಲ್ಲಿಯವನು ಹೇಳುತ್ತಿದ್ದರೆ, ಊಟದ ಬಿಡುವಿನಲ್ಲಿ ಬಂದರಿನ ಕಟ್ಟೆಯ ಮೇಲೆ ಕೂತವರ ಕಣ್ಣೆದುರಿಗೇ ಮೈದಾನ ಹಾಸಿದಂತಾಗುತ್ತಿತ್ತು. ಈ ವಿಷಯ ಹೇಳಲು ಅವನೊಮ್ಮೆ ಚಾನೆಲ್ಲಿಗೆ ಫೋನ್ ಮಾಡಿದ್ದ. ಎತ್ತಿಕೊಂಡ ಹುಡುಗಿ ಎಲ್ಲವನ್ನೂ ವಿನಯವಾಗಿ ಕೇಳಿ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಸಾರ್ ಎಂದಿದ್ದಳು.

ಮೊದಲರ್ಧ ಮುಗಿಯುತ್ತ ಬಂತು. ಮಗಳ ಹೆಸರು ಒಮ್ಮೆಯೂ ಬರಲಿಲ್ಲ. ಅವಳು ಆಡುತ್ತಿದ್ದಾಳೋ, ಬೆಂಚಿನ ಮೇಲೆ ಕೂತಿದ್ದಾಳೋ ಎಂಬುದೂ ಅವನಿಗೆ ತಿಳಿಯದಾಯಿತು. ಕೊನೆಗೆ ಎದ್ದು, ಗೋಡೆ ಸವರಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಒಂದು ಸಲ ಬಂದು ನೋಡು. ಇದಾಳಾ ಇಲ್ವಾ, ಅಷ್ಟು ಹೇಳು ಸಾಕು."

ಅವಳು ನಲ್ಲಿ ನಿಲ್ಲಿಸಿದಳು. ಅವನು ಹೀಗೆ ಕೇಳಿಕೊಳ್ಳುವವನಲ್ಲ. ಕೈ ಒರೆಸಿಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಮಗಳು ಇದ್ದಳು. ಪರದೆಯ ಮೂಲೆಯಲ್ಲಿ, ಮಂಡಿಯ ಮೇಲೆ ಕೈಯೂರಿ ನಿಂತಿದ್ದಳು.

ಅವಳಿಗೆ ಆಟದ ನಿಯಮ ಒಂದೂ ಗೊತ್ತಿರಲಿಲ್ಲ. ಪಾಳಿ ಮುಗಿಸಿ ಹೊರಡುವಾಗ ಮುಂದಿನ ದಾದಿಗೆ ರೋಗಿಗಳ ಸ್ಥಿತಿ ಒಪ್ಪಿಸುವ ಹಾಗೆ, ಕಂಡದ್ದನ್ನು ಕಂಡಂತೆ ಹೇಳುತ್ತ ಹೋದಳು. ನಿಂತಿದ್ದಾಳೆ, ಬೆವರಿದ್ದಾಳೆ, ಉಸಿರು ಸರಿಯಾಗಿದೆ. ಅಗೋ ಓಡಿದಳು, ಎದುರು ತಂಡದ ನೀಲಿ ಅಂಗಿಯವಳಿಂದ ಚೆಂಡು ಕಿತ್ತುಕೊಂಡಳು, ದೂರ ಹೊಡೆದಳು. ಅವನು ಎಡಕ್ಕೋ ಬಲಕ್ಕೋ ಎಂದು ಕೇಳಿದ. ನಮ್ಮ ಎಡಕ್ಕೋ ಅವಳ ಎಡಕ್ಕೋ ಎಂದು ಇವಳು ಕೇಳಿದಳು. ಗೋಲಿಗೆ ಅವಳು "ಆ ಬಲೆ ಕಟ್ಟಿದ ಡಬ್ಬ" ಎಂದಾಗ ಅವನಿಗೆ ನಗು ಬಂತು. ಟೀವಿಯ ಸದ್ದನ್ನು ತುಸು ತಗ್ಗಿಸಿದ. ಬಹಳ ದಿನಗಳ ಮೇಲೆ ಅವನ ಹಣೆಯ ಗೆರೆಗಳು ಸಡಿಲವಾಗಿದ್ದನ್ನು ಅವಳು ನೋಡಿದಳು. ಇಷ್ಟು ದಿನ ತಾನು ಒಳಗೆ ಪಾತ್ರೆ ಉಜ್ಜುತ್ತಿದ್ದಾಗ ಇವನು ಒಬ್ಬನೇ ಇಲ್ಲಿ ಕೂತು ಕತ್ತಲಿಗೆ ಕಿವಿ ಕೊಟ್ಟಿದ್ದನಲ್ಲ ಎನ್ನಿಸಿತು.

ಆಟದ ಕೊನೆಗೆ ಬರುವಾಗ ನಮ್ಮವರು ಒಂದು ಗೋಲು ಮುಂದಿದ್ದರು. ಎದುರಾಳಿಗೆ ಪೆನಾಲ್ಟಿ ಕಾರ್ನರ್, ಅಂದರೆ ಗೋಲಿನ ಹತ್ತಿರದಿಂದಲೇ ಹೊಡೆಯುವ ಅವಕಾಶ, ಸಿಕ್ಕಿತು. ಚೆಂಡು ಬರುವುದೇ ತಡ, ಮಗಳು ಗೋಲಿನ ಗೆರೆಯಿಂದ ಮೊದಲಿಗಳಾಗಿ ಎದುರಿಗೆ ನುಗ್ಗಿದಳು. ಇಬ್ಬರು ಡಿಕ್ಕಿಯಾದರು. ಚೆಂಡು ಹೊರಗೆ ಹೋಯಿತು. ಇನ್ನೊಬ್ಬಳು ಎದ್ದಳು, ಮಗಳು ಏಳಲಿಲ್ಲ. "ನಮ್ಮವಳು ಬಿದ್ದಿದಾಳೆ, ಇನ್ನೂ ಎದ್ದಿಲ್ಲ," ಎಂದಳು ಹೆಂಡತಿ.

ನಗುವವನು ನಕ್ಕ. "ಇದು ನೋಡಿ ಅನುಭವ ಅಂದ್ರೆ. ಒಂದು ಗೋಲು ಮುಂದಿದೀವಿ, ಸ್ವಲ್ಪ ಮಲಗಿ ಸಮಯ ಕಳೆಯೋಣ ಅಂತ." ಹಳೆಯ ಆಟಗಾರನೂ ಹೂಂಗುಟ್ಟಿ, ಈ ಜಾಣತನ ಎಲ್ಲರಿಗೂ ಬರುವುದಿಲ್ಲ ಎಂದ.

ಅವನಿಗೆ ಹೆಮ್ಮೆಯೆನಿಸಿತು. ತೊಡೆ ತಟ್ಟಿಕೊಂಡು, "ಕಳ್ಳಿ. ಚಿಕ್ಕೋಳಾಗಿದ್ದಾಗ್ಲೂ ಹೀಗೇ, ಸ್ಕೂಲಿಗೆ ಹೊರಡೋ ಹೊತ್ತಿಗೇ ಹೊಟ್ಟೆನೋವು" ಎಂದ.

ಹೆಂಡತಿ ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ಪರದೆಯ ಮೇಲೆ ಮಗಳ ಮಂಡಿ ಒಂದು ಕ್ಷಣ ಹತ್ತಿರದಿಂದ ಕಂಡಿತ್ತು. ಪಾದ ನೋಡುತ್ತಿದ್ದ ದಿಕ್ಕು ಬೇರೆ, ತೊಡೆ ಇದ್ದ ದಿಕ್ಕು ಬೇರೆ. ವಾರ್ಡಿನಲ್ಲಿ ರೋಗಿಯ ಕಡೆಯವರು ಕೈ ಹಿಡಿದು ಕೇಳಿದಾಗಲೆಲ್ಲ ಅವಳು ಡಾಕ್ಟರು ಬಂದು ಹೇಳುತ್ತಾರೆ ಎಂದು ಜಾರಿಕೊಂಡವಳು. ಈ ಕೋಣೆಗೆ ಯಾವ ಡಾಕ್ಟರೂ ಬರುವವನಿರಲಿಲ್ಲ. ಅವನು ಇನ್ನೂ ನಗುತ್ತಿದ್ದ. ಆ ನಗುವನ್ನು ಇನ್ನೊಂದು ಗಳಿಗೆ ಹಾಗೇ ಬಿಡಬಹುದಿತ್ತು.

"ನಗಬೇಡ. ಅವಳು ನಾಟಕ ಆಡ್ತಿಲ್ಲ," ಎಂದಳು.

"ಅವರು ಹೇಳಿದ್ರಲ್ಲ."

"ಅವರು ನೋಡ್ಲಿಲ್ಲ. ನಾನು ನೋಡಿದೆ. ಬಲಗಾಲಿನ ಮಂಡಿ ತಿರುಗಿಬಿಟ್ಟಿದೆ."

ಅವನ ಕೈ ತೊಡೆಯ ಮೇಲೇ ನಿಂತಿತು. ಅಳುತ್ತಿದ್ದಾಳಾ ಎಂದು ಕೇಳಿದ.

"ಇಲ್ಲ. ಕೋಲನ್ನ ಎದೆಗೆ ಒತ್ಕೊಂಡು ಮಲಗಿದಾಳೆ. ಇಬ್ಬರು ಸ್ಟ್ರೆಚರ್ ತರ್ತಿದಾರೆ."

ಅಷ್ಟರಲ್ಲಿ ಜಾಹೀರಾತು ಬಂತು. ಗೋಡೆಗೆ ಬಳಿಯುವ ಬಣ್ಣದ ಹಾಡನ್ನು ಮಕ್ಕಳು ಹಾಡಿದರು. ಆಮೇಲೆ ಒಂದು ಕಾರು, ಒಂದು ಸಾಬೂನು. ಮತ್ತೆ ಮೈದಾನ ಕಂಡಾಗ ಸ್ಟ್ರೆಚರ್ ಇರಲಿಲ್ಲ. ಆ ಜಾಗದಲ್ಲಿ ಬೇರೆಯವಳು ನಿಂತಿದ್ದಳು. ವಿವರಣೆಯವರು ಮತ್ತೆ ತಾರೆಯ ಬಗ್ಗೆ ಮಾತಾಡುತ್ತಿದ್ದರು. ನಮ್ಮವರು ಗೆದ್ದರು. ಗಂಡ ಹೆಂಡತಿ ಇಬ್ಬರೂ ಕೂತಲ್ಲಿಂದ ಏಳಲಿಲ್ಲ. ಫೋನ್ ಬಂದದ್ದು ಸಂಜೆಗೆ, ತಂಡದ ಮ್ಯಾನೇಜರನದು. ಮಂಡಿಯ ಒಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟುಗಳು ಹರಿದಿವೆ, ಶಸ್ತ್ರಚಿಕಿತ್ಸೆ ಆಗಬೇಕು, ಮತ್ತೆ ಆಡುವ ಮಾತು ಈಗಲೇ ಬೇಡ ಎಂದ.

ಮರುದಿನ ಬೆಳಿಗ್ಗೆ ಇಬ್ಬರೂ ಮಗಳಿದ್ದ ಆಸ್ಪತ್ರೆಗೆ ಹೊರಟರು. ಬಸ್ ನಿಲ್ದಾಣದಲ್ಲಿ ಅವನು ಪೇಪರ್ ಕೊಂಡು ಹೆಂಡತಿಗೆ ಕೊಟ್ಟು ಓದು ಎಂದ. ಕ್ರೀಡಾಪುಟದ ತುಂಬ ತಾರೆಯ ಚಿತ್ರ. ಅವಳ ಗೋಲಿನ ಬಗ್ಗೆ, ಶೂಗಳ ಬಗ್ಗೆ, ಅವಳ ಅಮ್ಮ ಹೊತ್ತ ಹರಕೆಯ ಬಗ್ಗೆ ಬರೆದಿದ್ದರು. ಕೊನೆಯ ಸಾಲಿನಲ್ಲಿ ಒಬ್ಬ ಆಟಗಾರ್ತಿಗೆ ಅಲ್ಪ ಗಾಯವಾಯಿತೆಂದಿತ್ತು. ಅಲ್ಲಿದ್ದ ಹೆಸರು ಮಗಳ ಬದಲಿಗೆ ಇಳಿದವಳದು. ಹೆಂಡತಿ ಅದನ್ನೂ ಬಿಡದೆ ಓದಿದಳು. ಅವನು ಕೈಚಾಚಿ ಪೇಪರ್ ಇಸಿದುಕೊಂಡು ನಾಲ್ಕಾಗಿ ಮಡಿಸಿ, ಒದ್ದೆಯಾಗಿದ್ದ ಬೆಂಚಿನ ಮೇಲೆ ಹಾಸಿ ಅವಳನ್ನು ಕೂರಿಸಿದ.

ಎತ್ತರದಲ್ಲಿ ತೂಗುಹಾಕಿದ್ದ ಟೀವಿಯಲ್ಲಿ ನಿನ್ನೆಯ ಪಂದ್ಯದ ತುಣುಕುಗಳು ಬರುತ್ತಿದ್ದವು. ಅದೇ ನಗು, ಅದೇ ದನಿ. ಅವನು ಸದ್ದಿನ ಕಡೆ ತಲೆ ತಿರುಗಿಸಿ, ನಮ್ಮವಳು ಕಾಣುತ್ತಾಳಾ ಎಂದು ಕೇಳಿದ.

ಮೊದಲು ಕಾಣಲಿಲ್ಲ. ತಾರೆಯೇ ಕಂಡಳು, ಮತ್ತೊಮ್ಮೆ ತಾರೆ. ಆಮೇಲೆ ಪರದೆಯ ಬಲ ಅಂಚಿನಲ್ಲಿ ಒಬ್ಬಳು ನೀಲಿಯವಳ ಬೆನ್ನುಹತ್ತಿ ಬಂದಳು. ಜಡೆ ಭುಜಕ್ಕೆ ಬಡಿಯುತ್ತಿತ್ತು, ಎರಡು ಕಾಲುಗಳೂ ನೆಲಕ್ಕೆ ಸೋಕಿದ ಹಾಗೇ ಇರಲಿಲ್ಲ.

"ಬಂದ್ಳು," ಎಂದಳು ಅವಳು. "ಓಡ್ತಿದಾಳೆ."

ಬಸ್ಸಿನವನು ಅವರು ಹೋಗಬೇಕಿದ್ದ ಊರಿನ ಹೆಸರು ಕೂಗತೊಡಗಿದ. ಅವನು ಏಳಲಿಲ್ಲ.

"ಎಷ್ಟು ಚೆನ್ನಾಗಿ ಓಡ್ತಾಳೆ ಅವಳು," ಎಂದಳು ಹೆಂಡತಿ, ಪರದೆಯಿಂದ ಕಣ್ಣು ತೆಗೆಯದೆ.