ಪದ್ಯದಷ್ಟು ಉದ್ದದ ಬತ್ತಿ

ಮೂಡುಬಿದಿರೆಯ ನಮ್ಮ ಮಹಿಳಾ ಮಂಡಳಿಯ ನಾಟಕದಲ್ಲಿ ದೇವಿ ಮುಗಿಲಿನೊಳಗಿಂದ ಬರಬೇಕಿತ್ತು. ಮುಗಿಲನ್ನು ಎಲ್ಲಿಂದ ತರುವುದು? ಹತ್ತಿ ಹರಡಿ ನೋಡಿದೆವು. ದೇವಿಯಾಗುವ ಕಾಂತಿ, "ಹಳೇ ಹಾಸಿಗೆ ಹರಿದ ಹಾಗೆ ಉಂಟು" ಎಂದು ನಕ್ಕಳು. ಕೊನೆಗೆ ಸಿದ್ಧಕಟ್ಟೆಯ ಇಬ್ರಾಹಿಂ ಬ್ಯಾರಿಗಳ ಹೆಸರು ಬಂತು. ಉತ್ಸವಗಳಿಗೆ ಗರ್ನಾಲು, ಅಂದರೆ ದೊಡ್ಡ ಸದ್ದಿನ ಪಟಾಕಿ, ಕಟ್ಟುವವರು. ಸದ್ದಿಲ್ಲದೆ ಬರೀ ಹೊಗೆ ಬಿಡುವ ಮದ್ದನ್ನೂ ಮಾಡಬಲ್ಲರಂತೆ. ಕೇಳಿ ಬರಲು ನನ್ನನ್ನು ಕಳಿಸಿದರು. ಅರುವತ್ತಮೂರರ ಜನವರಿ ಇರಬೇಕು.

ನಾನು ಮಾತು ಕಡಿಮೆಯವಳು. ಸಂಜೆ ಅಪ್ಪ ಪುರಾಣ ಓದುವಾಗ ಕಂಬಕ್ಕೆ ಒರಗಿ ಕೇಳುತ್ತ ಬೆಳೆದವಳು. ನಾಟಕದಲ್ಲೂ ನನಗೆ ವೇಷವಿಲ್ಲ. ಪರದೆಯ ಹಿಂದೆ ನಿಂತು ದೇವಿಯನ್ನು ಕರೆಯುವ ಆರು ಸಾಲಿನ ಪದ್ಯ ಹಾಡುವುದಷ್ಟೇ ಕೆಲಸ. ಪದ್ಯ ಅಪ್ಪನೇ ಕಟ್ಟಿಕೊಟ್ಟದ್ದು.

ಮದ್ದಿನ ಗುಡಿಸಲು ಮನೆಯಿಂದ ದೂರ, ಒಣಗದ್ದೆಯ ನಡುವೆ ಒಂಟಿಯಾಗಿತ್ತು. ಬ್ಯಾರಿಗಳ ಹೆಂಡತಿ ಆಯಿಶಮ್ಮ ನನ್ನನ್ನು ಅಂಗಳದಲ್ಲೇ ತಡೆದರು.

"ಸೊಂಟದ ಬೀಗದಕೈ ಇಲ್ಲಿಡಿ ಅಕ್ಕ. ಕಬ್ಬಿಣ ಅತ್ತ ಹೋಗಲಿಕ್ಕಿಲ್ಲ, ಕಿಡಿ ಏಳ್ತದೆ. ಇಪ್ಪತ್ತು ವರ್ಷ ಆಯ್ತು, ಅದರ ಒಳಗೆ ಏನುಂಟೂಂತ ನಾನೇ ನೋಡ್ಲಿಲ್ಲ."

"ನೋಡಿದ್ರೆ ಅಲ್ಲಿಯೂ ಗುಡಿಸ್ಲಿಕ್ಕೆ ಶುರು ಮಾಡ್ತಿದ್ದಳು" ಎನ್ನುತ್ತ ಬ್ಯಾರಿಗಳು ಬಂದರು. ಅವರ ಎಡಗಣ್ಣಿನ ಮೇಲೆ ಹುಬ್ಬಿರಲಿಲ್ಲ. ಹುಬ್ಬಿನ ಜಾಗದಲ್ಲಿ ನುಣ್ಣಗಿನ ಬಿಳಿ ಕಲೆ.

ಗುಡಿಸಲ ಬಾಗಿಲ ಹೊರಗೆ ನಿಂತೇ ಇಣುಕಿದೆ. ಮರದ ಸೌಟು, ಬಿದಿರಿನ ಚೂರಿ, ಮೂಲೆಯಲ್ಲಿ ಮರಳು, ಎರಡು ಕೊಡ ನೀರು. ದೇವರ ಕೋಣೆಯ ಹಾಗೆ ಎಲ್ಲಕ್ಕೂ ಒಂದೊಂದು ಜಾಗ. ಪದರಪದರವಾಗಿ ಸುತ್ತಿದ ಕಾಗದದ ಕೊಳವೆಗಳು ಸಾಲಾಗಿ ನಿಂತಿದ್ದವು.

"ಡಬ್ಬಿಯಲ್ಲಿ ತುಂಬಿದರೆ ಆಗುದಿಲ್ವಾ?" ಎಂದೆ.

"ಕೆಟ್ಟು ಒಡೆದರೆ ಕಾಗದ ಹರಿಯುತ್ತದೆ ಅಕ್ಕ, ತಗಡು ಕಡಿಯುತ್ತದೆ."

"ಒಳಗೆ ಏನು ಬೆರೆಸುದು?"

"ಅಡುಗೆಮನೆಗೆ ಸೇರುವುದು ಒಂದು, ಸೇರದ್ದು ಒಂದು. ಅಷ್ಟು ಗೊತ್ತಿದ್ರೆ ಸಾಕು." ನಕ್ಕರು. "ಬತ್ತಿ ಹಚ್ಚಿ ಎಷ್ಟು ಹೊತ್ತಿಗೆ ಹೊಗೆ ಬರಬೇಕು, ಅದು ಹೇಳಿ."

ನನ್ನಲ್ಲಿ ಗಡಿಯಾರವಿರಲಿಲ್ಲ. "ನನ್ನ ಪದ್ಯ ಮುಗಿಯುವಷ್ಟು" ಎಂದೆ.

ಬ್ಯಾರಿಗಳು ಗದ್ದೆಯ ಆಚೆ ಬದಿಗೆ ಹೋಗಿ, ಬರೀ ಬತ್ತಿಯ ತುಂಡೊಂದನ್ನು ಮರಳ ಮೇಲೆ ಚಾಚಿ ಹಚ್ಚಿದರು. ನಾನು ಕಣ್ಣು ಮುಚ್ಚಿ, ಅಪ್ಪ ಓದುವ ಹಾಗೆ ಸಾಲು ಸಾಲಿಗೆ ಎಳೆದು, ಉಸಿರು ತೆಗೆದು ಹಾಡಿದೆ. ಕೊನೆಯ ಸಾಲು "ಮುಗಿಲ ತೆರೆಯನು ಸರಿಸಿ ಬಂದಳು ಮಗಳ ಮೊರೆಗವಳು". ಕಣ್ಣು ತೆರೆದಾಗ ಬ್ಯಾರಿಗಳು ಬತ್ತಿ ಎಲ್ಲಿಯವರೆಗೆ ಉರಿದಿದೆಯೆಂದು ಬೆರಳಲ್ಲಿ ಅಳೆಯುತ್ತಿದ್ದರು. ಅದೇ ಸುರುಳಿಯಿಂದ ಅಷ್ಟೇ ಉದ್ದದ ಬತ್ತಿ ಕತ್ತರಿಸಿದರು.

"ಒಂದು ಮಾತು. ಪದ್ಯ ಮುಗಿಯದೆ ಯಾರೂ ಅದರ ಹತ್ತಿರ ಬರಬಾರದು. ಹೊಗೆ ಬರಲಿಲ್ಲಾಂದ್ರೆ ಅಂತೂ ಬರಲೇಬಾರದು. ಬತ್ತಿ ಸತ್ತಿದೆ ಅಂತ ಬಗ್ಗಿ ನೋಡಿದ್ದಕ್ಕೆ ಇದು." ಹುಬ್ಬಿಲ್ಲದ ಜಾಗ ಮುಟ್ಟಿಕೊಂಡರು. "ಹೊಗೆಯಲ್ವಾ, ಗರ್ನಾಲಲ್ವಲ್ಲಾಂತ ಸಸಾರ ಮಾಡಿದೆ."

ಅದನ್ನು ಕಾಂತಿಗೆ ಹೇಳಿದೆ. ನನ್ನ ಪದ್ಯ ಕೇಳುವಷ್ಟು ಹೊತ್ತು ಚಾಪೆಯ ತಡಿಕೆಯ ಹಿಂದೆ ಕದಲದೆ ನಿಲ್ಲುವುದನ್ನು ವಾರವಿಡೀ ಅಭ್ಯಾಸ ಮಾಡಿದೆವು. "ದೇವಿಗೆ ಕಾಲು ನೋವು ಬರ್ತದೆ ಪ್ರಫುಲ್ಲಾ, ಬೇಗ ಹಾಡು ಮಾರಾಯ್ತಿ" ಎನ್ನುತ್ತಿದ್ದಳು.

ನಾಟಕ ಮಧ್ಯಾಹ್ನ ಮೂರಕ್ಕೆ, ಕೊಯ್ಲಾದ ಗದ್ದೆಯಲ್ಲಿ. ಬಸ್ಸಿನಲ್ಲಿ ಬೀಡಿ ಸೇದುವವರಿರುತ್ತಾರೆಂದು ಬ್ಯಾರಿಗಳು ಸಿದ್ಧಕಟ್ಟೆಯಿಂದ ನಡೆದೇ ಬಂದಿದ್ದರು. ಕೊಳವೆಯನ್ನು ತಡಿಕೆಯ ಮುಂದೆ ಮರಳಿನಲ್ಲಿ ಅರ್ಧ ಹೂತರು. ಜನರನ್ನು ಹಗ್ಗದ ಆಚೆ ಕೂರಿಸಿದರು. ಬತ್ತಿ ಹಚ್ಚಿ, ಒದ್ದೆ ಗೋಣಿ ಹಿಡಿದು ದೂರದ ಬದುವಿಗೆ ಸರಿದು ನಿಂತರು.

ನಾನು ಹಾಡಿದೆ. ಅಷ್ಟು ಜನರ ಎದುರು ಅದೇ ಮೊದಲು. ಪರದೆಯ ಸಂದಿಯಲ್ಲಿ ಗದ್ದೆ ತುಂಬ ಜನ ಕಾಣುತ್ತಿದ್ದರು. ಆರು ಸಾಲು ಮುಗಿಯಿತು.

ಹೊಗೆ ಬರಲಿಲ್ಲ.

ಜನ ಕಾದರು. ಯಾರೋ ಸಿಳ್ಳೆ ಹಾಕಿದರು. "ದೇವಿಗೆ ಬಸ್ಸು ಸಿಗಲಿಲ್ಲವಾ?" ಎಂದ ಒಬ್ಬ. ಗದ್ದೆಯೆಲ್ಲ ನಗು. ಕಾಂತಿ ತಡಿಕೆಯ ಪಕ್ಕದಿಂದ ತಲೆ ಹೊರಹಾಕಿದಳು. "ನಿನ್ನ ಹೊಗೆ ಊಟಕ್ಕೆ ಹೋಗಿದೆಯಾ?" ಎಂದು ನನ್ನತ್ತ ಪಿಸುಗುಟ್ಟಿ, ಕಿರೀಟವನ್ನು ಒಂದು ಕೈಯಲ್ಲಿ ಹಿಡಿದು ಕೊಳವೆಯತ್ತ ನಡೆದಳು. ಬದುವಿನಿಂದ ಬ್ಯಾರಿಗಳು ಕೂಗುತ್ತ ಓಡಿ ಬರುತ್ತಿದ್ದರು; ಆ ನಗುವಿನಲ್ಲಿ ಅವರ ಕೂಗು ಯಾರಿಗೂ ಕೇಳಿಸಲಿಲ್ಲ.

ಆಗ ನನಗೆ ಹೊಳೆಯಿತು. ಸಿದ್ಧಕಟ್ಟೆಯಲ್ಲಿ ಸಾಲು ಸಾಲಿಗೂ ಉಸಿರು ತೆಗೆದಿದ್ದೆ. ಇಲ್ಲಿ ಹೆದರಿಕೆಯಲ್ಲಿ ಆರು ಸಾಲನ್ನೂ ಒಂದೇ ಉಸಿರಿಗೆ ಓಡಿಸಿಬಿಟ್ಟಿದ್ದೆ. ಬತ್ತಿ ಸತ್ತಿಲ್ಲ. ಇನ್ನೂ ಉರಿಯುತ್ತಿದೆ.

ಕಾಂತಿ ಬಗ್ಗುತ್ತಿದ್ದಳು. ಅವಳ ಹೆಸರು ಕೂಗಲು ಬಾಯಿ ತೆರೆದೆ, ಹೆಸರು ಬರಲಿಲ್ಲ. ಬಂದದ್ದು ಪದ್ಯ. "ಮುಗಿಲ ತೆರೆಯನು..." ಅಪ್ಪನ ಹಾಗೆ, ಎಳೆದು, ನನಗೇ ಗೊತ್ತಿಲ್ಲದಷ್ಟು ದೊಡ್ಡ ದನಿಯಲ್ಲಿ.

ಪದ್ಯ ಕೇಳಿದ್ದೇ ಕಾಂತಿಯ ಕಾಲು ವಾರದ ಅಭ್ಯಾಸದಂತೆ ತಾನಾಗಿ ಹಿಂದೆ ಸರಿಯಿತು. ಒಂದು ಹೆಜ್ಜೆ, ಎರಡು, ತಡಿಕೆಯ ಹಿಂದೆ. "ಸರಿಸಿ ಬಂದಳು" ಎನ್ನುವಾಗ ಕೊಳವೆಯ ಬಾಯಲ್ಲಿ ಬುಸ್ಸೆಂದು ಬೆಂಕಿಯ ನಾಲಗೆ ಮೊಳದುದ್ದ ಎದ್ದು ಒಳಸೇರಿತು. ಅದರ ಹಿಂದೆಯೇ ಬೆಳ್ಳಗೆ, ದಪ್ಪಗೆ, ಹಾಲು ಉಕ್ಕಿದ ಹಾಗೆ ಹೊಗೆ. ಮುದುಕಿಯೊಬ್ಬಳು ಕೈ ಮುಗಿದಳು. ಹೊಗೆ ತಿಳಿಯಾದ ಮೇಲೆ ಕಾಂತಿ ಕಿರೀಟ ಓರೆಯಾಗಿಯೇ ಹೊರಬಂದಳು, ಮಾತೆಲ್ಲ ಮರೆತಿದ್ದಳು.

ಬ್ಯಾರಿಗಳು ಅಲ್ಲಿಗೆ ತಲುಪಿ ಏದುಸಿರು ಬಿಡುತ್ತಿದ್ದರು. ಕೊಳವೆಯನ್ನು ತಾವೂ ಮುಟ್ಟಲಿಲ್ಲ. ನಾಟಕ ಮುಗಿಯುವವರೆಗೆ ಕಾದು, ದೂರದಿಂದ ಒಂದು ಕೊಡ ನೀರು ಎರಚಿ, ಮತ್ತೂ ಕಾದರು. ಹೊರಡುವಾಗ ನನಗೆ ಹೇಳಿದರು:

"ತಪ್ಪು ನನ್ನದು ಅಕ್ಕ. ಬತ್ತಿ ಅಳೆದೆ, ಹೆದರಿಕೆ ಅಳೆಯಲಿಲ್ಲ."

ಮರುವರ್ಷವೂ ಹೋದೆ. ಕೇಳದೆಯೇ ಬೀಗದಕೈ ಬಿಚ್ಚಿ ಆಯಿಶಮ್ಮನ ಕೈಗಿಟ್ಟೆ. ಗದ್ದೆಯ ಬದುವಿನಲ್ಲಿ ನೆರೆಮನೆಯವರೆಲ್ಲ, ಹತ್ತಿಪ್ಪತ್ತು ಜನ, ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದರು.

"ಇವರೆಲ್ಲ ಯಾಕೆ?" ಎಂದೆ.

ಬ್ಯಾರಿಗಳು ಬತ್ತಿಯ ತುಂಡನ್ನು ಮರಳ ಮೇಲೆ ಚಾಚುತ್ತ ಹೇಳಿದರು, "ನಾನೇ ಕರೆಸಿದ್ದು. ಈಗ ಹಾಡಿ, ಅಳೆಯುವ."