ಕೆಳತುಟಿಯ ಎರಡು ಕುಳಿ

ತಿಪಟೂರಿನ ಸ್ಕ್ಯಾನಿಂಗ್ ಕೋಣೆಯಲ್ಲಿ ಫ್ಯಾನ್ ಇರಲಿಲ್ಲ. ಶಾಂತಕುಮಾರಿಯ ಐದು ತಿಂಗಳ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದ ಡಾಕ್ಟರ್ ಮೋನಿಕಾ, ಪರದೆಯನ್ನು ಅವಳಿಗೂ ಕಾಣುವಂತೆ ಸ್ವಲ್ಪ ತಿರುಗಿಸಿದ್ದರು. ಬೂದಿಯಂಥ ಮಂಜಿನೊಳಗಿಂದ ಮೊದಲು ಒಂದು ಹಣೆ ಎದ್ದು ಬಂತು, ಆಮೇಲೆ ಎರಡು ಕಣ್ಣುಗುಳಿ. ಬಾಯಿ ಇರಬೇಕಾದಲ್ಲಿ ಕಪ್ಪು ಗೆರೆಯೊಂದು ಮೂಗಿನವರೆಗೂ ಹತ್ತಿಹೋಗಿತ್ತು. ಅವಳು ನೋಡುತ್ತಿದ್ದಂತೆಯೇ ಆ ಮುಖ ಮತ್ತೆ ಬೂದಿಯಲ್ಲಿ ಕರಗಿತು.

ಡಾಕ್ಟರು ಇನ್ನೂ ಎರಡು ಸಲ ಆ ಮುಖವನ್ನು ಹುಡುಕಿ ತೆಗೆದರು. ಆಮೇಲೆ, "ನಿಮ್ಮ ಯಜಮಾನರನ್ನ ಒಳಗೆ ಕರೀರಿ," ಎಂದರು.

ಭೀಮರಾಜು ಬಂದು ಚಪ್ಪಲಿ ಬಿಟ್ಟು ನಿಂತ. ಮಾಯಸಂದ್ರದ ಸುತ್ತ ತೋಟಗಳಲ್ಲಿ ಕಾಯಿ ಸುಲಿಸುವ ಮೇಸ್ತ್ರಿ ಅವನು. ಡಾಕ್ಟರು ಪರದೆ ಬಿಟ್ಟು ಅವನ ಬಾಯನ್ನೇ ನೋಡತೊಡಗಿದರು. ಅವನ ಕೆಳತುಟಿಯಲ್ಲಿ, ನಡುವಿನ ಎರಡೂ ಪಕ್ಕಕ್ಕೆ, ಮೊಳೆಯಿಂದ ಚುಚ್ಚಿದಂತೆ ಒಂದೊಂದು ಸಣ್ಣ ಕುಳಿ ಇತ್ತು.

"ಇದು ಹುಟ್ಟಿನಿಂದ ಇದೆಯಾ?"

"ಹೂಂ ಮೇಡಂ. ನಾಗರ ಹಲ್ಲು ಅಂತಾರೆ. ನಮ್ಮಪ್ಪ ತೆಂಗಿನ ಗುಂಡಿ ತೋಡುವಾಗ ಹಾವು ಸಾಯಿಸ್ಬುಟ್ಟಿದ್ರಂತೆ."

"ಮನೇಲಿ ಇನ್ಯಾರಿಗಿದೆ? ನಿಮ್ಮ ತಂದೆಗೆ?"

"ಅಪ್ಪನಿಗೆ ಇರ್ಲಿಲ್ಲ."

"ತಾಯಿಗೆ?"

"ನೋಡಿಲ್ಲ ಮೇಡಂ," ಎಂದು ಭೀಮರಾಜು ಹೆಂಡತಿಯ ಕಡೆ ತಿರುಗಿದ. ಶಾಂತಕುಮಾರಿ ಆ ಮನೆ ಸೇರಿ ಮೂರು ವರ್ಷವಾಗಿತ್ತು. ಅತ್ತೆ ಗಂಗಕ್ಕನ ಕೆಳತುಟಿಯನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಗಂಗಕ್ಕ ಸೆರಗು ಕಚ್ಚಿಕೊಂಡೇ ಮಾತಾಡುವಳು, ಗೋಡೆಗೆ ಮುಖ ಮಾಡಿಕೊಂಡು ಉಣ್ಣುವಳು.

ಡಾಕ್ಟರು ಅವರಿಬ್ಬರನ್ನೂ ಕೂರಿಸಿ ನಿಧಾನವಾಗಿ ಹೇಳಿದರು. "ಮುಖ ಮೊದಲೇ ಒಂದಾಗಿ ಇರಲ್ಲ. ತುಂಡು ತುಂಡಾಗಿ ಎರಡೂ ಕಡೆಯಿಂದ ಬಂದು ನಡುವೆ ಕೂಡುತ್ತೆ. ತುಟಿ ಕೂಡೋದು ಆರೇಳು ವಾರಕ್ಕೆ, ಅಂಗುಳು ಅದಾದ ಮೇಲೆ. ಅದಕ್ಕೆ ಅಪ್ಪಣೆ ಕೊಡೋ ಒಂದು ಜೀನ್ ಇದೆ. ಬೇರೆ ಜೀನ್‌ಗಳಿಗೆ ಯಾವಾಗ ಶುರು ಮಾಡ್ಬೇಕು, ಯಾವಾಗ ನಿಲ್ಲಿಸ್ಬೇಕು ಅಂತ ಹೇಳೋದೇ ಅದರ ಕೆಲಸ. ಎರಡು ವರ್ಷದ ಹಿಂದಷ್ಟೇ ಪತ್ತೆಯಾಗಿದೆ. ಆ ಅಪ್ಪಣೆ ಅರ್ಧ ಮಾತ್ರ ತಲುಪಿದ್ರೆ ಕೂಡೋ ಜಾಗ ಕೂಡದೆ ಉಳಿಯುತ್ತೆ. ಅದೇ ದೋಷ ಒಬ್ಬರಲ್ಲಿ ಬರೀ ಎರಡು ಕುಳಿ ಬಿಡುತ್ತೆ, ಇನ್ನೊಬ್ಬರಲ್ಲಿ ತುಟಿ, ಅಂಗುಳು ಎರಡೂ ಸೀಳಿರುತ್ತೆ. ಹೊಲಿದು ಸರಿ ಮಾಡಬಹುದು. ಹೆದರಬೇಡಿ."

ಬಸ್ಸಿನಲ್ಲಿ ಶಾಂತಕುಮಾರಿ ಲೆಕ್ಕ ಹಾಕಿದಳು. ಏಳನೇ ವಾರ ಎಂದರೆ ಮಹಡಿಯ ಮೇಲೆ ಕೊಬ್ಬರಿ ಹರವುತ್ತಿದ್ದ ದಿನಗಳು. ತಲೆಸುತ್ತು ಬಂದರೆ ಬಿಸಿಲಿಗೆ ಅಂದುಕೊಂಡಿದ್ದಳು. ಅವಳು ಕೊಬ್ಬರಿ ತಿರುವಿಹಾಕುತ್ತಿದ್ದಾಗ ಒಳಗೆ ಯಾವುದೋ ಮುಖ ಎರಡೂ ಕಡೆಯಿಂದ ನಡೆದು ಬಂದು, ನಡುವೆ ನಿಂತುಬಿಟ್ಟಿತ್ತು. ಅವಳು ತನ್ನ ಮೂಗಿನ ಕೆಳಗಿನ ತಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. ತಲೆಯೆತ್ತಿದರೆ ಕಂಡಕ್ಟರನಿಗೂ ಆ ತಗ್ಗು, ಎದುರು ಸೀಟಿನ ಮುದುಕನಿಗೂ ಅದೇ ತಗ್ಗು. ಎಲ್ಲರ ಮುಖವೂ ಹೇಗೋ ಕೂಡಿಕೊಂಡು ಕೂತಂತೆ ಕಂಡಿತು. ಊರು ಬರುವವರೆಗೂ ಕಣ್ಣು ಮುಚ್ಚಿಕೊಂಡೇ ಕೂತಳು.

ಮರುದಿನ ಗಂಡ ಕೆಲಸಕ್ಕೆ ಹೋದ ಮೇಲೆ ಅವಳು ಅತ್ತೆಯನ್ನು ಹುಡುಕಿಕೊಂಡು ತೋಟಕ್ಕೆ ಹೋದಳು. ಈಶಾನ್ಯದ ಮೂಲೆಯಲ್ಲಿ ಮೂರು ತೆಂಗಿನ ಮರಗಳಿದ್ದವು. ಅವುಗಳ ಕಾಯನ್ನು ಯಾರೂ ಕೀಳುತ್ತಿರಲಿಲ್ಲ. ಬಿದ್ದ ಕಾಯಿ ಬಿದ್ದಲ್ಲೇ ಮೊಳೆತು, ಬುಡದ ಸುತ್ತ ಒತ್ತೊತ್ತಾಗಿ ಸಸಿಗಳೆದ್ದಿದ್ದವು. ನಾಗಪ್ಪನ ಪಾಲು ಅದು ಎಂದು ಗಂಡ ಹೇಳಿದ್ದ. ಗಂಗಕ್ಕ ಅಲ್ಲೇ ನೆಲದ ಮೇಲೆ ಕೂತಿದ್ದಳು.

ಶಾಂತಕುಮಾರಿ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಗಂಗಕ್ಕ ಬಾಯಿಂದ ಸೆರಗು ಬಿಟ್ಟಳು. ಸುಕ್ಕುಗಟ್ಟಿದ ಕೆಳತುಟಿಯಲ್ಲಿ ಎರಡು ಕುಳಿ, ಮಗನಿಗಿಂತ ಆಳ.

"ಹಾವು ಸತ್ತೇ ಇರ್ಲಿಲ್ಲ ಕಣವ್ವ," ಎಂದಳು.

ಮೊದಲ ಮಗು ಹುಟ್ಟಿದಾಗ ಅದರ ಮೇಲ್ದುಟಿ ಮೂಗಿನವರೆಗೂ ಸೀಳಿತ್ತಂತೆ. ಸೊಸೆಯ ಬಾಯಿಯ ಗುರುತೇ ಕೂಸಿಗೆ ಇಳಿದಿದೆ, ಇವಳನ್ನು ತವರಿಗೆ ಅಟ್ಟಬೇಕು ಎಂದು ಮನೆಯವರು ಹೊರಟಾಗ, ಗಂಡ ಗಂಗಯ್ಯ ನಡುವೆ ಬಂದು ನಿಂತನಂತೆ. ತಪ್ಪು ನನ್ನದು, ಗುಂಡಿ ತೋಡುವಾಗ ನಾಗರಹಾವು ಕಡಿದುಹಾಕಿದೆ ಎಂದನಂತೆ.

"ನನ್ನ ಉಳಿಸ್ಕಳಕ್ಕೆ ಸುಳ್ಳು ಹೇಳ್ದ. ಊರೆಲ್ಲ ನಂಬ್ತು. ಅದಾದ್ ಮ್ಯಾಲೆ ಕೂಸು ಹಾವಿಂದಾಗೋಯ್ತು. ಎದೆಗೆ ಹಾಕಿದ್ರೆ ಚೀಪಕ್ಕೆ ಬರಾಕಿಲ್ಲ, ಬಾಯಿಗೆ ಹೋಗಿದ್ದು ಮೂಗಲ್ಲಿ ಬತ್ತಿತ್ತು. ನಮ್ಮತ್ತೆ ಅಂದ್ರು, ನಾಗಪ್ಪ ಹಾಲು ವಾಪಸ್ ಕೊಡ್ತಾವ್ನೆ, ಬುಟ್ಬುಡು ಅಂತ. ಆರು ದಿನ ಇತ್ತು. ಎರಡನೇದು ನಾಕು ದಿನ. ಮೂರನೇದು ಒಂಬತ್ತು. ಮೂರೂ ಹೆಣ್ಣು, ಮೂರಕ್ಕೂ ಅದೇ ಮಖ. ಅದೇ ಮತ್ತೆ ಮತ್ತೆ ಬತ್ತೈತೆ ಅನ್ಕಂಡೆ."

ಅವಳು ಮರಗಳ ಕಡೆ ಕೈ ತೋರಲಿಲ್ಲ. ಮೂರನ್ನೂ ಹೂತದ್ದು ಆ ಬುಡಗಳಲ್ಲೇ ಎಂದು ತೋರುವ ಅಗತ್ಯವಿರಲಿಲ್ಲ. ಶಾಂತಕುಮಾರಿ ಮೊಳೆತ ಕಾಯಿಗಳ ನಡುವಿನಿಂದ ಕಾಲು ಹಿಂದಕ್ಕೆ ತೆಗೆದುಕೊಂಡಳು. ಹೊಟ್ಟೆಯಲ್ಲಿ ಮಗು ಮಿಸುಕಿತು.

"ಬೀಮನ ಮಖ ಕೂಡಿತ್ತು. ಬರೀ ಎರಡು ಕುಳಿ," ಎಂದಳು ಗಂಗಕ್ಕ. "ಈಗ ಅದು ನಿನ್ನ ಹೊಟ್ಟೆಗೆ ಬಂದೈತೆ."

ಮುಂದಿನ ತಪಾಸಣೆಗೆ ಗಂಗಕ್ಕನೂ ಬಸ್ಸು ಹತ್ತಿದಳು. ಡಾಕ್ಟರ ಎದುರು ಸೆರಗು ಇಳಿಸಿ ತೋರಿಸಿದಳು. ಅವರು ಅವಳ ರಕ್ತ ತೆಗೆದುಕೊಂಡರು, ಸತ್ತ ಮಕ್ಕಳ ವಿಷಯ ಕೇಳಿ ಬರೆದುಕೊಂಡರು. ಮಗು ಹುಟ್ಟಿದ ಮೇಲೆ ಹಾಲು ಚೀಪಲಾರದು, ಹಿಂಡಿದ ಹಾಲನ್ನು ತಲೆ ಎತ್ತಿಹಿಡಿದು ಒಳಲೆಯಲ್ಲಿ ಹನಿಹನಿಯಾಗಿ ಹಾಕಬೇಕು ಎಂದು ಹೇಳಿಕೊಟ್ಟರು.

"ಒಳಲೇಲಾ?" ಎಂದಳು ಗಂಗಕ್ಕ. "ಬೆಳ್ಳಿ ಒಳಲೆ ನಮ್ಮನೇಲಿ ಆಗ್ಲೂ ಇತ್ತು. ಅದ್ರಲ್ಲಿ ಹಾಕಿದ್ರೆ ಅವು ಬದುಕ್ತಿದ್ವಾ ಅವ್ವಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಸುಳ್ಳು ಹೇಳಲು ಒಂದು ಕ್ಷಣ ಯೋಚಿಸಿದಂತೆ ಶಾಂತಕುಮಾರಿಗೆ ಅನಿಸಿತು. "ಬದುಕಬಹುದಿತ್ತು," ಎಂದರು.

ಗಂಗಕ್ಕ ಅಳಲಿಲ್ಲ. ಮನೆಗೆ ಬಂದು ಪೆಟ್ಟಿಗೆ ತಳದಿಂದ ಒಳಲೆ ತೆಗೆದು, ಹುಣಸೆಹಣ್ಣು ಹಾಕಿ ತಿಕ್ಕಿದಳು. ಬೆಳ್ಳಗಾದ ಮೇಲೂ ತಿಕ್ಕುತ್ತಲೇ ಇದ್ದಳು.

ಮಗು ಹೆಣ್ಣಾಯಿತು. ಪರದೆಯ ಮೇಲೆ ಕಂಡಿದ್ದ ಮುಖವೇ. ಗಂಗಕ್ಕ ಅದನ್ನು ಎತ್ತಿಕೊಂಡು, "ಬಂದ್ಯಾ," ಎಂದಳು, ಪೇಟೆಗೆ ಹೋಗಿ ತಡವಾಗಿ ಬಂದವರನ್ನು ಕೇಳುವ ಹಾಗೆ. ಅಲ್ಲಿಂದಾಚೆ ಅವಳು ಸೆರಗು ಕಚ್ಚಲಿಲ್ಲ. ಎರಡು ಗಂಟೆಗೊಮ್ಮೆ ಒಳಲೆ ಹಿಡಿದು ಕೂರುವಳು. ಮಗು ಅಜ್ಜಿಯ ತುಟಿಯನ್ನೇ ನೋಡುತ್ತ ನುಂಗುವುದು. ಎರಡನೇ ತಿಂಗಳಿಗೆ ನಗಲು ಕಲಿತು, ಮುಖವೆಲ್ಲ ತೆರೆದುಕೊಳ್ಳುವಂಥ ಅಗಲವಾದ ನಗು ನಕ್ಕಿತು. ಶಾಂತಕುಮಾರಿಗೆ ಆ ನಗು ಪ್ರೀತಿಯಾಗಿತ್ತು. ಆದರೆ ಅತ್ತೆ ಆ ಒಂದು ಮಗುವಿನ ಜೊತೆ ಮಾತಾಡುವಾಗ, "ನೀವು ನಾಕೂ ಉಂಡ್ರಾ, ನಾಕೂ ಮಲಗ್ರವ್ವ" ಎನ್ನುವುದು ಕೇಳಿದರೆ ಅವಳು ಎದ್ದು ಬಂದು ಮಗುವನ್ನು ಎತ್ತಿಕೊಳ್ಳುತ್ತಿದ್ದಳು.

ಐದನೇ ತಿಂಗಳಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತುಟಿ ಹೊಲಿದರು. ಅಂಗುಳಿಗೆ ಇನ್ನೊಂದು ವರ್ಷ ಕಾಯಬೇಕಿತ್ತು. ಗಂಗಕ್ಕ ಜೊತೆಗೆ ಹೋಗಿರಲಿಲ್ಲ.

ಅವರು ಮರಳಿ ಬಂದಾಗ ಅವಳು ಮಗುವನ್ನು ಜಗಲಿಯ ಬೆಳಕಿಗೆ ಎತ್ತಿ ಹಿಡಿದಳು. ಮಗು ದನಿಯ ಗುರುತು ಹಿಡಿದು ನಕ್ಕಿತು. ಸಣ್ಣ ನಗು, ಎಲ್ಲ ಮಕ್ಕಳ ಹಾಗೆ. ಗಂಗಕ್ಕ ಆ ಮುಖದಲ್ಲಿ ಅತ್ತಿತ್ತ ಏನನ್ನೋ ಹುಡುಕಿದಳು.

"ಆ ನಗು ಎಲ್ಲೋಯ್ತು?" ಎಂದಳು. "ಅವು ನಾಕರದೂ ಒಂದೇ ನಗು."

"ಆ ಮೂರು ನಕ್ಕಿದ್ದೇ ಇಲ್ಲ ಅತ್ತೆ," ಎಂದಳು ಶಾಂತಕುಮಾರಿ ಮೆಲ್ಲಗೆ. "ಒಂಬತ್ತು ದಿನಕ್ಕೆ ಮಕ್ಕಳು ನಗಲ್ಲ."

ಗಂಗಕ್ಕ ಮೇಲ್ದುಟಿಯ ಕೆಂಪು ಗೆರೆಯ ಪಕ್ಕಕ್ಕೆ ಬೆರಳು ತಂದು, ಮುಟ್ಟದೆ ನಿಲ್ಲಿಸಿದಳು.

"ಹೆಸರೇನು ಬರೆಸಿದ್ರಿ ಆಸ್ಪತ್ರೇಲಿ?"

"ಭಾನುಪ್ರಿಯಾ."

ಅತ್ತೆ ಆ ಹೆಸರನ್ನು ಎರಡು ಸಲ ಹೇಳಿ ನೋಡಿದಳು. ಅವಳ ಬಾಯಿಗೆ ಅದು ಸಲೀಸಾಗಿ ತಿರುಗಲಿಲ್ಲ.

"ಆ ಮೂರರದಲ್ಲ, ಇವಳೊಬ್ಬಳದೇ ಹೆಸರು," ಎಂದು, ಮಗುವನ್ನು ತಾಯಿಯ ಕೈಗೆ ಕೊಟ್ಟಳು.